ಮೈಕ್ ಗೌಸಸಾಬ್ ಕಂಡ ಬಿಲ್ಲೆಯಾಟ

ಸಿರುಗುಪ್ಪದ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಹುಟ್ಟಿದವರ ದನಿ ದೊಡ್ಡದು. ಹಗಲೆಲ್ಲ ಗಿರಣಿಯ ಸದ್ದಿನ ಮೇಲೆ ತಮ್ಮ ಮಾತನ್ನು ಏರಿಸಿಯೇ ಬದುಕಬೇಕಲ್ಲ! ಗೌಸಸಾಬನ ಅಪ್ಪ ಅದೇ ಗಿರಣಿಯಲ್ಲಿ ಹಮಾಲ. ಅವ್ವ ಒಲೆಯ ಮುಂದೆ ಕೂತು ಕೂಗಿದರೆ ಚೀಲದಡಿ ಬಗ್ಗಿದ್ದ ಗಂಡನಿಗೆ ಊಟದ ಹೊತ್ತು ತಿಳಿಯುತ್ತಿತ್ತು. ಆ ದನಿ ಮಗನಿಗೆ ಬಂತು. ಮೀಸೆ ಮೂಡುವ ಮುಂಚೆಯೇ ಟೂರಿಂಗ್ ಟಾಕೀಸಿನವರು ಅವನನ್ನು ಜಟಕಾದಲ್ಲಿ ಕೂರಿಸಿ ಕೈಗೆ ಮೈಕು ಕೊಟ್ಟರು. ಮದುವೆಯಾದ ಮೇಲೆ ಬಳ್ಳಾರಿಗೆ ಬಂದು ಕೌಲ್ ಬಜಾರಿನಲ್ಲಿ ಮನೆ ಹಿಡಿದ. ಒಂದು ಆಟೋ ಕೊಂಡು ಅದರ ನೆತ್ತಿಗೆ ಎರಡು ಹಾರ್ನು ಕಟ್ಟಿಸಿದ. ಸೀರೆ ಅಂಗಡಿಯ ರಿಯಾಯಿತಿ, ನಲ್ಲಿ ನೀರು ಬಾರದ ದಿನ, ಸರ್ಕಸ್ಸು, ಸತ್ತವರ ಸುದ್ದಿ, ತಪ್ಪಿಸಿಕೊಂಡ ಕೂಸು, ಎಲ್ಲವೂ ಊರಿಗೆ ಅವನ ಬಾಯಿಂದಲೇ ತಿಳಿಯಬೇಕು. ಕನ್ನಡದಲ್ಲಿ ಶುರು ಮಾಡಿ, ತೆಲುಗಿಗೆ ಹೊರಳಿ, ಉರ್ದುವಿನಲ್ಲಿ ಮುಗಿಸುತ್ತಿದ್ದ. ಊರು ಅವನನ್ನು ಮೈಕ್ ಗೌಸಸಾಬ್ ಎಂದೇ ಕರೆಯಿತು.

ಅವನಿಗೊಂದು ಚಟವಿತ್ತು. ಬೀಡಿಯಲ್ಲ, ಇಸ್ಪೀಟಲ್ಲ, ಕೇಳುವ ಚಟ. ಸರ್ಕಸ್ಸಿನವರ ಕೆಲಸಕ್ಕೆ ಹೋದರೆ ಮಾವುತನನ್ನು ಮೂಲೆಗೆ ಕರೆದು, “ಆನಿಗೆ ಕನಸು ಬೀಳ್ತಾವೇನ್ರಿ?” ಎನ್ನುವನು. ಸತ್ತವರ ಸುದ್ದಿ ಸಾರುವ ಮುಂಚೆ ಅವರು ಯಾವ ಪಲ್ಯ ಇಷ್ಟಪಡುತ್ತಿದ್ದರೆಂದು ತಿಳಿದುಕೊಂಡೇ ಆಟೋ ಹತ್ತುವನು. ಹೆಂಡತಿ ಮದಾರಬೀ, “ನಿಮ್ಮ ಹೊಟ್ಟಿಗಿಂತ ನಿಮ್ಮ ಕಿವೀಗೆ ಹಸಿವು ಜಾಸ್ತಿ ನೋಡ್ರಿ” ಎಂದು ನಗುತ್ತಿದ್ದಳು.

ಆಮೇಲೆ ಗಣಿಯ ವರ್ಷಗಳು ಬಂದವು. ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೊರಟವು. ಊರಿನಲ್ಲಿ ದಿನಕ್ಕೊಂದು ಶೋರೂಮು, ವಾರಕ್ಕೊಬ್ಬ ಧಣಿಯ ಹುಟ್ಟುಹಬ್ಬ, ಬಯಲು ಸಿಕ್ಕಲ್ಲೆಲ್ಲ ಕ್ರಿಕೆಟ್ ಕಪ್ಪು. ಗೌಸಸಾಬನಿಗೆ ಉಸಿರಾಡಲು ಪುರುಸೊತ್ತಿಲ್ಲ. ಆದರೆ ಒಂದು ಕೊರತೆ ಅವನನ್ನು ಕಾಡುತ್ತಿತ್ತು. ಕಪ್ಪು ಗೆದ್ದ ಹುಡುಗನ ಬಾಯಿಗೆ ಮೈಕು ಹಿಡಿದು “ಹೆಂಗನ್ಸಾಕತ್ತೈತಿ?” ಎಂದರೆ, ಹುಡುಗ ಪಕ್ಕದಲ್ಲಿ ನಿಂತ ಧಣಿಯ ಮುಖ ನೋಡಿ, “ಎಲ್ಲಾ ಅಣ್ಣಾರ ಆಶೀರ್ವಾದ” ಎನ್ನುವನು. ಸೋತವನೂ ಅದನ್ನೇ ಹೇಳುವನು. ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುವುದಾದರೆ ಕೇಳುವವನಿಗೆ ಏನು ರುಚಿ?

ಅಂಥ ಒಂದು ಜನವರಿಯಲ್ಲಿ ಕೊಟ್ಟೂರಪ್ಪ ಧಣಿಯ ಮ್ಯಾನೇಜರನಿಂದ ಫೋನು ಬಂತು. ಕುರುಗೋಡಿನ ಗುಡ್ಡದ ಬುಡದಲ್ಲಿ ದೊಡ್ಡ ಪಂದ್ಯ, ಮದ್ರಾಸು, ಹೈದರಾಬಾದು, ಬೆಂಗಳೂರು, ಪುಣೆಯಿಂದೆಲ್ಲ ಆಟಗಾರರು ಬರುತ್ತಾರೆ, ಊಟ ಮತ್ತು ಕಪ್ಪು ಧಣಿಯವು, ಮೈಕು ನಿನ್ನದು.

“ಯಾವ ಆಟ ರಿ?”

“ಅದೇನೋ ಬಿಲ್ಲಿ ಎಸಿಯೋದಂತಪ. ನೀ ಬಾ, ಜೋರಾಗಿ ಮಾತಾಡು, ಅಷ್ಟ.”

ಮನೆಯಲ್ಲಿ ಹೇಳಿದಾಗ ಉರ್ದು ಮನೆಮಾತಿನ ಮದಾರಬೀ ಕಣ್ಣರಳಿಸಿದಳು. “ಬಿಲ್ಲಿ ಎಸೀತಾರಾ? ಬೆಕ್ಕಿನ್ಯಾಕ ಎಸೀತಾರ್ರಿ ಪಾಪ?”

ಗೌಸಸಾಬನಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅದನ್ನು ತಿಳಿಯುವ ಆಸೆಗೇ ಅವತ್ತು ಬೆಳಗಿನ ನಮಾಜು ಮುಗಿಸಿದವನು ನೇರ ಆಟೋ ಹತ್ತಿದ.

ಗುಡ್ಡದ ಬುಡದಲ್ಲಿ ಬಂಡೆಗಳ ನಡುವೆ ಅಲ್ಲಲ್ಲಿ ಕಬ್ಬಿಣದ ಕಂಬಗಳು. ಕಂಬದ ನಡುವಿಗೆ ಬುಟ್ಟಿ, ಬುಟ್ಟಿಯ ಮೇಲೆ ಸುತ್ತಲೂ ಇಳಿಬಿಟ್ಟ ಸರಪಳಿ. ಆಟಗಾರರ ಕೈಯಲ್ಲಿ ಊಟದ ತಾಟಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಬಿಲ್ಲೆಗಳು. ದೂರದ ಗೆರೆಯಿಂದ ಎಸೆಯಬೇಕು, ಬಿದ್ದಲ್ಲಿಗೆ ನಡೆದು ಅಲ್ಲಿಂದ ಮತ್ತೆ ಎಸೆಯಬೇಕು. ಬಿಲ್ಲೆ ಸರಪಳಿಗೆ ತಾಗಿ ಬುಟ್ಟಿಗೆ ಬಿದ್ದರೆ ಅದು ಮುಗಿದು ಮುಂದಿನ ಬುಟ್ಟಿ. ಕಡಿಮೆ ಎಸೆತದಲ್ಲಿ ಎಲ್ಲ ಬುಟ್ಟಿ ಮುಗಿಸಿದವರು ಗೆದ್ದಂತೆ. ಇಷ್ಟನ್ನು ಅವನಿಗೆ ತಿಳಿಸಿದವನು ಹುಲುಗೇಶ್, ಉಕ್ಕಿನ ಕಾರ್ಖಾನೆಯ ಕ್ರೇನ್ ಆಪರೇಟರ್. ಯಂತ್ರ ಕೂರಿಸಲು ಫಿನ್ಲೆಂಡಿನಿಂದ ಬಂದಿದ್ದ ಯೂಹಾ ಎಂಬ ಇಂಜಿನಿಯರ್ ಕಾಲೋನಿಯಲ್ಲಿ ಈ ಆಟ ಹಚ್ಚಿದ್ದನಂತೆ. ದುಡ್ಡಿಗಾಗಿ ಆಡುವವರು ಯಾರೂ ಇಲ್ಲ. ಬ್ಯಾಂಕಿನವರು, ಮೇಷ್ಟರುಗಳು, ವಿದ್ಯಾರ್ಥಿಗಳು, ನರ್ಸುಗಳು, ಎಲ್ಲರೂ ತಮ್ಮ ಖರ್ಚಿನಲ್ಲೇ ಬಂದವರು.

ಮೊದಲ ಆಟಗಾರ ಗೆರೆಯ ಮೇಲೆ ನಿಂತು ತೋಳು ಹಿಂದೆ ಎಳೆದದ್ದೇ ತಡ, ಗೌಸಸಾಬ್ ಗಿರಣಿಯೋಣಿಯ ದನಿ ತೆಗೆದ: “ಬರ್ರಿ ಬರ್ರಿ! ಕುರುಗೋಡಿನ ಮಹಾಜನಗಳೇ! ಈಗ ನೋಡ್ರಿ ಬಿಲ್ಲಿ ಹಾರತೈತಿ!”

ಬಿಲ್ಲೆ ಹಾರಿತು. ಬುಟ್ಟಿಯ ಕಡೆಗಲ್ಲ, ಊಟದ ಪೆಂಡಾಲಿನ ಕಡೆಗೆ. ಅಡಿಗೆಯವರು ತಲೆ ತಗ್ಗಿಸಿದರು. ಎತ್ತರದ ಬಿಳಿಯ ಮನುಷ್ಯ, ಅವನೇ ಯೂಹಾ, ದಾಪುಗಾಲು ಹಾಕಿ ಬಂದು ಕೈಮುಗಿದ. ತುಟಿಯ ಮೇಲೆ ಬೆರಳಿಟ್ಟ.

“ಎಸಿಯೋ ಮುಂದ ಯಾರೂ ಮಾತಾಡಂಗಿಲ್ಲ ಗೌಸಣ್ಣ,” ಎಂದ ಹುಲುಗೇಶ್, ನಗು ತಡೆದುಕೊಂಡು. “ಈ ಆಟದ್ದು ಅದೊಂದ ಕಟ್ಟಳಿ. ಸಂಜಿಗೆ ಕಪ್ಪು ಕೊಡೋ ಮುಂದ ಎಷ್ಟರ ಮಾತಾಡು.”

“ಅಲ್ಲಿ ತನಕ ನಾ ಏನ್ ಮಾಡ್ಲಪಾ?”

“ಆ ಬೇವಿನಗಿಡದ ಕೆಳಗ ಮಲಗು.”

ಗೌಸಸಾಬ್ ಬೇವಿನ ನೆರಳಿನವರೆಗೆ ಹೋದದ್ದು ನಿಜ. ಕೂತದ್ದೂ ನಿಜ. ಆದರೆ ಮಾತಿಲ್ಲದ ಪಂದ್ಯವೆಂಬುದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಷ್ಟು ಜನ ಒಂದೇ ಬಯಲಿನಲ್ಲಿ ಇದ್ದೂ, ಕಿವಿಗೆ ಬೀಳುವುದು ಗಾಳಿ, ದೂರದ ರಸ್ತೆಯ ಲಾರಿಗಳ ಗುರ್ರು, ಆಗೊಮ್ಮೆ ಈಗೊಮ್ಮೆ ಝಲ್ಲೆನ್ನುವ ಸರಪಳಿ. ಅವನಿಗೆ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಹುಲುಗೇಶನ ಗುಂಪಿನ ಹಿಂದೆ ಹೊರಟ.

ಗುಂಪಿನಲ್ಲಿ ನಾಲ್ವರು. ಹುಲುಗೇಶ್, ಮದ್ರಾಸಿನಿಂದ ಬಂದ, ತೆಲುಗು ಬಲ್ಲ ಬ್ಯಾಂಕಿನ ಹೆಂಗಸು, ಹೈದರಾಬಾದಿನ ನಿವೃತ್ತ ಮೇಷ್ಟರು, ಮತ್ತು ಸಿರುಗುಪ್ಪದ ಮೇಘಾ, ಬಿ.ಎಡ್. ಓದುತ್ತಿದ್ದ ಹುಡುಗಿ. ಹೆಂಗಸರ ಕಪ್ಪಿಗೆ ಆ ಇಬ್ಬರಲ್ಲೇ ಪೈಪೋಟಿ ಎಂದು ಹುಲುಗೇಶ್ ಪಿಸುಗುಟ್ಟಿದ.

“ಅಂಪೈರ್ ಎಲ್ಲಿ?” ಗೌಸಸಾಬ್ ಪಿಸುಮಾತಿನಲ್ಲೇ ಕೇಳಿದ. ಪಿಸುಗುಟ್ಟಿ ರೂಢಿಯಿಲ್ಲದೆ ಅದು ಕೆಮ್ಮಿನಂತೆ ಹೊರಟಿತು.

“ಇಲ್ಲ. ನಮ್ಮ ಎಣಿಕಿ ನಾವ ಹೇಳ್ತೀವಿ.”

“ನೀವ ಆಡಿ, ನೀವ ಎಣಿಸಿ, ನೀವ ಹೇಳೋದು?” ಗೌಸಸಾಬ್ ರಸ್ತೆಯ ಕಡೆ ನೋಡಿದ. ಕಬ್ಬಿಣದ ಮಣ್ಣನ್ನು ಪರ್ಮಿಟ್ಟಿನ ಲೆಕ್ಕ ಮೀರಿ ಕಂಠಮಟ್ಟ ಹೇರಿಕೊಂಡ ಲಾರಿಗಳು ಸಾಲಾಗಿ ಹೋಗುತ್ತಿದ್ದವು. “ಈ ಜಿಲ್ಲಾದಾಗ?”

ಮೇಷ್ಟರು ನಕ್ಕರು. ಅವರು ಎಲ್ಲರಿಗಿಂತ ಹಿಂದಿದ್ದರು. ಬಿಲ್ಲೆ ಎಸೆದರೆ ಅದು ಬಂಡೆಗೆ ಬಡಿದು ಅವರತ್ತಲೇ ಹೊರಳಿ ಬರುತ್ತಿತ್ತು. ಗೌಸಸಾಬ್ ಉರ್ದುವಿನಲ್ಲಿ ಕೇಳಿದ: ಸೋಲುವುದಕ್ಕೆ ಇಷ್ಟು ದೂರ ಬರುತ್ತಾರೆಯೇ ಜನಾಬ್? ಮೇಷ್ಟರು ಬಂಡೆಗೊರಗಿ ನಿಂತು, ಕೊನೆಯವನಿಗೆ ಹಿಂದಿನಿಂದ ನೂಕುವವರಿಲ್ಲ ಸಾಬ್, ಸುತ್ತ ನೋಡಿಕೊಂಡು ಬರಬಹುದು ಎಂದರು. “ಆ ಮೇಲಿನ ಗುಂಡು ನೋಡಿ. ಈಗಲೋ ಆಗಲೋ ಉರುಳುವಂತಿದೆ. ಎಷ್ಟು ಸಾವಿರ ವರ್ಷದಿಂದ ಹಾಗೇ ಇದೆಯೋ! ಮುಂದಿರುವವರು ಅದನ್ನು ನೋಡಿಯೇ ಇಲ್ಲ.” ಗೌಸಸಾಬ್ ಆ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದವನು. ಆ ಗುಂಡನ್ನು ಅವನೂ ಅವತ್ತೇ ನೋಡಿದ್ದು.

ಆಮೇಲೊಂದು ಪ್ರಸಂಗ ನಡೆಯಿತು. ಮದ್ರಾಸಿನ ಹೆಂಗಸು ಎಸೆದ ಕೆಂಪು ಬಿಲ್ಲೆಯನ್ನು ಗಾಳಿ ಎತ್ತಿಕೊಂಡು ಹೋಗಿ ಪಕ್ಕದ ಕಣದಲ್ಲಿ ಒಣಗಲು ಹರಡಿದ್ದ ಮೆಣಸಿನಕಾಯಿಯ ನಡುವೆ ಹಾಕಿತು. ಕೆಂಪಿನೊಳಗೆ ಕೆಂಪು! ಹೆಂಗಸು ಕಣದ ಅಂಚಿನಲ್ಲಿ ನಿಂತು ಬಗ್ಗಿ ಬಗ್ಗಿ ನೋಡಿದಳು, ಕಾಣಲಿಲ್ಲ. ಕಾಲಿಡಹೋದಾಗ ಕಣದ ಒಡತಿ ಜಡೆಮ್ಮ ಕೋಲು ಹಿಡಿದು ಎದ್ದಳು.

“ತುಳದ್ರ ನೋಡು! ಕಾಯಿ ಮುರದು ಬೀಜ ಉದರ್ತಾವ!”

“ತಡಿಯಬೇ ಯಕ್ಕಾ, ನೀನ ಹುಡುಕಿ ಕೊಡು,” ಎಂದು ಗೌಸಸಾಬ್ ನಡುವೆ ಬಂದ. ಜಡೆಮ್ಮ ಮೆಣಸಿನಕಾಯಿಗಳನ್ನು ಎರಡೂ ಕೈಯಿಂದ ಮೆಲ್ಲಗೆ ಸರಿಸುತ್ತ ಹೋಗಿ ಬಿಲ್ಲೆ ತೆಗೆದಳು. ತಿರುಗಿಸಿ ನೋಡಿದಳು, ಮೂಸಿದಳು, ಒಂದು ಸಲ ಗಾಳಿಗೆ ಎಸೆದೂ ನೋಡಿದಳು. ಅದು ಮೂರು ಮಾರು ಹೋಗಿ ಬಿತ್ತು. “ಇಷ್ಟಕ್ಕ ಮದ್ರಾಸಿಂದ ಬಂದೀರೇನವ್ವ?” ಎಂದಳು, ಬೈಗುಳವಿಲ್ಲದೆ, ನಿಜಕ್ಕೂ ತಿಳಿಯಬೇಕೆಂದು. ಹೆಂಗಸಿಗೆ ನಗು, ಜೊತೆಗೆ ಘಾಟಿಗೆ ಸೀನು. ಸೀನಿ ಸೀನಿ ಕಣ್ಣೊರೆಸಿಕೊಂಡು ತೆಲುಗಿನಲ್ಲಿ ಗೌಸಸಾಬನಿಗೆ ಹೇಳಿದಳು: ಬೇರೆ ಊರಲ್ಲಿ ಬಿಲ್ಲೆ ಕಳೆದರೆ ಬರೀ ಹುಲ್ಲು, ಇಲ್ಲಿ ಹುಡುಕುವುದೇ ಒಂದು ಊರು ನೋಡಿದಂತೆ.

ಮಧ್ಯಾಹ್ನ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನುತ್ತ ಗೌಸಸಾಬ್ ಹುಲುಗೇಶನನ್ನು ಕೇಳಿದ, “ನಿಂಗೇನ್ ಕೊಡತೈತಿ ಇದು?”

ಹುಲುಗೇಶ್ ಮಿರ್ಚಿಯ ತೊಟ್ಟು ಎಸೆದ. “ಕ್ರೇನಿನಾಗ ದಿನಾ ಕಾದ ಉಕ್ಕಿನ ಹಂಡೇವು ಇಳಸ್ತೀನಿ ಗೌಸಣ್ಣ. ಕೆಳಗ ಮಂದಿ ಇರ್ತಾರ. ಕೈ ಚೂರು ನಡುಗಿದ್ರ ಮುಗೀತು. ಈ ಬಿಲ್ಲಿ ನಂದಾ ಆದ್ರೂ ಬಿಟ್ಟ ಮ್ಯಾಲ ನನ್ನ ಕೈಯಾಗ ಇಲ್ಲ. ಎಲ್ಲಿ ಬೇಕಾದ್ರ ಬೀಳ್ಲಿ, ಯಾರಿಗೂ ಏನೂ ಆಗಂಗಿಲ್ಲ. ಅದು ಇಳಿಯೋದು ನೋಡಾಕ ಭಾಳ ಚಲೋ.”

ಅಣ್ಣಾರ ಹೆಸರಿಲ್ಲದ ಉತ್ತರ! ಗೌಸಸಾಬನಿಗೆ ಹಬ್ಬವಾಯಿತು. ಅವನು ಗುಂಪಿನಿಂದ ಗುಂಪಿಗೆ ನುಗ್ಗಿದ. ಪುಣೆಯ ನರ್ಸು, ಬೆಂಗಳೂರಿನ ಅಣ್ಣತಮ್ಮಂದಿರು, ಕೊನೆಗೆ ಯೂಹಾನನ್ನೂ ಬಿಡಲಿಲ್ಲ. ಯೂಹಾ ಬಂಡೆಯ ಮೇಲೆ ಅಂಗೈ ಊರಿ ತೋರಿಸಿದ. ಹುಲುಗೇಶ್ ತಿಳಿಸಿ ಹೇಳಿದ: ಅವನ ಊರಲ್ಲಿ ಈ ತಿಂಗಳು ಆಡಿದರೆ ಬೆರಳು ಮರಗಟ್ಟುತ್ತವೆ, ಇಲ್ಲಿಯ ಕಲ್ಲು ಕೈ ಕಾಯಿಸುತ್ತದೆ ಎನ್ನುತ್ತಾನೆ.

ಕೊನೆಯ ಬುಟ್ಟಿಗಳ ಹತ್ತಿರ ಗೌಸಸಾಬ್ ಮತ್ತೆ ಮೊದಲಿನ ಗುಂಪು ಸೇರಿಕೊಂಡ. ಆಗ ಮೇಘಾ ಒಂದು ಎಸೆತದಿಂದ ಮುಂದಿದ್ದಳು. ಅವಳ ಬಿಲ್ಲೆ ದೊಡ್ಡ ಬಂಡೆಯ ಆಚೆ ಬಿತ್ತು. ಹುಡುಕಲು ಅವಳೊಬ್ಬಳೇ ಹೋದಳು. ಗೌಸಸಾಬನೂ ಹಿಂದೆ ನಡೆದ. ಬಿಲ್ಲೆ ಹಗ್ಗದ ಗಡಿ ದಾಟಿ ಒಂದು ಗೇಣು ಆಚೆ ಜಾಲಿಯ ಬುಡದಲ್ಲಿ ಬಿದ್ದಿತ್ತು. ಗಡಿ ದಾಟಿದರೆ ಒಂದು ಎಸೆತ ದಂಡ. ಈಚೆಯವರಿಗೆ ಏನೂ ಕಾಣುತ್ತಿರಲಿಲ್ಲ. ಮೇಘಾ ಬಂಡೆಯ ಪಕ್ಕದಿಂದ ಇಣುಕಿ ಕೂಗಿ ಹೇಳಿದಳು, “ಹೊರಗ ಬಿದ್ದೈತ್ರಿ, ಒಂದು ಹೆಚ್ಚಿಗಿ ಹಾಕ್ರಿ!”

ಗೌಸಸಾಬನಿಗೆ ತಡೆಯಲಾಗಲಿಲ್ಲ. “ಯಾಕ ಹೇಳಿದೆವ್ವ? ಯಾರೂ ನೋಡಿದ್ದಿಲ್ಲ.”

ಹುಡುಗಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ನಾ ನೋಡೀನಲ್ರಿ ಕಾಕಾ,” ಎಂದಳು. ಬಿಲ್ಲೆ ಎತ್ತಿಕೊಂಡು ಒರೆಸಿದಳು. ಆಮೇಲೆ ಗಾಬರಿಯಿಂದ, “ಮೈಕಿನಾಗ ಮಾತ್ರ ಹೇಳಬ್ಯಾಡ್ರಿ, ನಂಗ ನಾಚಿಗಿ ಆಗತೈತಿ” ಎಂದಳು.

ಆ ಬುಟ್ಟಿಗೆ ಲೆಕ್ಕ ಸಮವಾಯಿತು. ಮುಂದಿನದರಲ್ಲಿ ಮದ್ರಾಸಿನವಳು ಗೆದ್ದಳು.

ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಎಲ್ಲರೂ ಪೆಂಡಾಲಿನ ಮುಂದೆ ನೆರೆದರು. ಧಣಿ ಬಂದಿರಲಿಲ್ಲ. ಮ್ಯಾನೇಜರ್ ಫೋನು ಕಿವಿಗೊತ್ತಿಕೊಂಡು “ಬಂದ್ರು, ಇನ್ನೇನು ಬಂದ್ರು” ಎನ್ನುತ್ತ ಓಡಾಡಿದ. ಜನ ಆಕಳಿಸತೊಡಗಿದರು. “ಏ ಗೌಸಸಾಬ್, ಏನರ ಮಾತಾಡು!” ಎಂದ ಮ್ಯಾನೇಜರ್.

ಗೌಸಸಾಬ್ ಮೈಕು ಹಿಡಿದ. ಧಣಿಯ ಬಿರುದುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಮೊದಲೆರಡು ಬಂದೂ ಬಂದವು. ಆಮೇಲೆ ಏನಾಯಿತೋ, “ಇವತ್ತು ನಾ ನಿಮ್ಮನ್ನ ಹೆಂಗನ್ಸತೈತಿ ಅಂತ ಕೇಳ್ದೆ,” ಎಂದು ಶುರುಮಾಡಿಬಿಟ್ಟ. “ನೀವು ಒಬ್ಬರಿಗೊಬ್ಬರು ಹೇಳ್ಕೊಂಡಿಲ್ಲ, ನಂಗ ಹೇಳೀರಿ. ಈಗ ಕೇಳ್ರಿ.” ಮೂರೂ ಭಾಷೆಯಲ್ಲಿ, ಒಬ್ಬೊಬ್ಬರ ದನಿಯಲ್ಲೇ ಹೇಳುತ್ತ ಹೋದ: ಮೇಷ್ಟರ ಗುಂಡು, ಹುಲುಗೇಶನ ಹಂಡೆ, ಯೂಹಾನ ಬಿಸಿ ಕಲ್ಲು. ಮೆಣಸಿನಕಾಯಿ ಕಣಕ್ಕೆ ಬಂದಾಗ ತಾನೇ ಸೀನಿದ. ಕಣದಿಂದ ಬಂದು ಹಿಂದೆ ನಿಂತಿದ್ದ ಜಡೆಮ್ಮ ಸೆರಗು ಬಾಯಿಗೊತ್ತಿಕೊಂಡಳು. ನಕ್ಕವರು ತಮ್ಮ ಮಾತನ್ನೂ ಕೂಗಿ ಸೇರಿಸಿದರು. ಎಲ್ಲರೂ ತಲೆಯೆತ್ತಿ ಗುಡ್ಡದ ಮೇಲಿನ ಗುಂಡು ಯಾವುದೆಂದು ಹುಡುಕಿದರು. ಬಂಡೆಯ ಆಚೆ ಕಂಡದ್ದು ಮಾತ್ರ ಗೌಸಸಾಬನ ಗಂಟಲಲ್ಲೇ ಉಳಿಯಿತು. ಹೇಳಬೇಕೆಂಬ ಆಸೆ ಅವನನ್ನು ಹಿಂಡುತ್ತಿತ್ತು, ಆದರೂ ಹೇಳಲಿಲ್ಲ.

ಧಣಿ ಬರುವುದಿಲ್ಲವೆಂದು ಕೊನೆಗೆ ಸುದ್ದಿ ಬಂತು. ಕಪ್ಪು ಯಾರು ಕೊಡಬೇಕು? ಆಟಗಾರರೇ ಕೂಡಿ, ಆಟದಲ್ಲಿ ಎಲ್ಲರಿಗಿಂತ ಹಿಂದೆ ಉಳಿದವರೇ ಕೊಡಲಿ ಎಂದರು. ಮೇಷ್ಟರು ಟೋಪಿ ಸರಿಮಾಡಿಕೊಂಡು ವೇದಿಕೆ ಹತ್ತಿದರು. ಮದ್ರಾಸಿನ ಹೆಂಗಸು ಕಪ್ಪು ಹಿಡಿದವಳೇ ಗೌಸಸಾಬನ ಕೈಯಿಂದ ಮೈಕು ತೆಗೆದುಕೊಂಡಳು. ಬಂಡೆಯ ಆಚೆ ಬಿದ್ದ ಬಿಲ್ಲೆಯ ಸಂಗತಿಯನ್ನು, ಆ ಹುಡುಗಿ ತಾನಾಗಿ ಕೂಗಿ ಹೇಳಿದ್ದನ್ನು, ಅವಳೇ ತೆಲುಗಿನಲ್ಲಿ ಎಲ್ಲರಿಗೂ ಹೇಳಿದಳು. ಚಪ್ಪಾಳೆ ನಿಲ್ಲಲಿಲ್ಲ. ಮೇಘಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು, ಗೌಸಸಾಬನನ್ನು ಅದರ ಅಂಚಿನಿಂದ ದುರುಗುಟ್ಟಿ ನೋಡಿದಳು. ಅವನು ಎರಡೂ ಕೈ ಎತ್ತಿ, ನಾನಲ್ಲವ್ವ ಎಂದು ಸನ್ನೆ ಮಾಡಿದ.

ಮನೆಗೆ ಬಂದು ಎಲ್ಲವನ್ನೂ ಮದಾರಬೀಗೆ ಒಪ್ಪಿಸಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ, “ಎಲ್ಲಾರಿಗೂ ಕೇಳಿ ಬಂದೀರಿ. ನಿಮಗ ಹೆಂಗನಿಸ್ತು?” ಎಂದಳು.

ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. “ಸಣ್ಣಾಗಿ ಮಾತಾಡಿದ್ರೂ ಮಂದಿಗೆ ಕೇಳಸತೈತಿ ಅಂತ ಗೊತ್ತಿರಲಿಲ್ಲ ನೋಡು,” ಎಂದ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಆ ದೊಡ್ಡ ಪಂದ್ಯ ಮತ್ತೆ ನಡೆಯಲಿಲ್ಲ. ಯೂಹಾ ಕೆಲಸ ಮುಗಿಸಿ ಊರಿಗೆ ಹೋದ. ಕೆಲವು ವರ್ಷಗಳಲ್ಲಿ ಗಣಿಗಳೂ ನಿಂತವು; ಕಪ್ಪುಗಳು, ಕಟೌಟುಗಳು ಮಾಯವಾದವು; ಗೌಸಸಾಬ್ ಮತ್ತೆ ಸೀರೆ ಅಂಗಡಿ, ನಲ್ಲಿ ನೀರಿಗೇ ಬಂದ. ಆದರೆ ಹುಲುಗೇಶ್ ಕಾಲೋನಿಯಲ್ಲಿ ಬುಟ್ಟಿಗಳನ್ನು ಉಳಿಸಿಕೊಂಡಿದ್ದ. ಬಿಡುವಿದ್ದ ಭಾನುವಾರ ಗೌಸಸಾಬ್ ಆಟೋವನ್ನು ಅತ್ತ ತಿರುಗಿಸುತ್ತಿದ್ದ. ಮೊದಮೊದಲು ನೋಡಲು, ಆಮೇಲೆ ಎಸೆಯಲು. ಒಂದು ಸಲ ಮದಾರಬೀಯೂ ಹೋದಳು. ಅವಳ ಬಿಲ್ಲೆ ಮೊದಲ ಎಸೆತಕ್ಕೇ ಕಾಲೋನಿಯ ನೀರಿನ ಟ್ಯಾಂಕಿನ ಮೇಲೆ ಕೂತಿತು. ಹುಲುಗೇಶ್ ಏಣಿ ತರಲು ಓಡಿದ, ಅವಳು ಬುರ್ಖಾದ ತೋಳು ಮೇಲಕ್ಕೆ ಸರಿಸಿ, “ಅದು ಇಳಿಯೂ ತನಕ ಇನ್ನೊಂದು ಕೊಡ್ರಿ” ಎಂದು ಗಂಡನ ಮುಂದೆ ಕೈಚಾಚಿದಳು.