ಮಾಖಾಳ ಗಂಡ

ನಿನ್ನ ಪ್ರಬಂಧದಿಂದ ಆ ನಾಲ್ಕು ಸಾಲುಗಳನ್ನು ತೆಗೆದವನು ನಾನು, ವಸುಧಾ. ನೀನು ಬರೆಯಲು ಮರೆತಿರಲಿಲ್ಲ. ನಿನ್ನ ಕೈಬರಹದಲ್ಲಿ ಸ್ಪಷ್ಟವಾಗಿಯೇ ಇತ್ತು—ಟೈಪ್ ಮಾಡುವಾಗ ನಾನೇ ಬಿಟ್ಟೆ. ಅದರ ಹಿಂದೆ ಅದಕ್ಕಿಂತ ದೊಡ್ಡ ಸುಳ್ಳೊಂದಿದೆ. ಮೂರು ವರ್ಷದಿಂದ ಬಾಯಿವರೆಗೂ ಬಂದು ವಾಪಸು ಹೋಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಕಾಲೇಜಿನ ಸಂಜೆಯ ಪುರಾಣ ತರಗತಿಗೆ ನೀನು ಸೇರಿದಾಗ ಗೇಲಿ ಮಾಡಿದ್ದೆ—ವಿದೇಶಕ್ಕೆ ಬಂದು ಈ ಕ್ಯಾಂಟನ್ ಊರಿನಲ್ಲಿ ಎಲ್ಲರೂ ಕಂಪ್ಯೂಟರ್ ಕಲಿಯುತ್ತಿದ್ದರೆ ನನ್ನ ಹೆಂಡತಿ ಐರ್ಲೆಂಡಿನ ಕುದುರೆ ಕಟ್ಟಿಕೊಂಡು ಕೂತಿದ್ದಾಳೆ ಎಂದು. ನೀನು ಕಿವಿಗೆ ಹಾಕಿಕೊಳ್ಳಲಿಲ್ಲ. ಊಟಕ್ಕೆ ಕೂತಾಗಲೂ ಅದೇ ಮಾತು. ಐರ್ಲೆಂಡಿನ ಹಳೆಯ ಕೆಲ್ಟ್ ಜನರಿಗೆ ಕುದುರೆಯೇ ದೇವಿ, ದೇವಿಯೇ ನೆಲ. ರಾಜನಾಗುವವನು ಆ ನೆಲವನ್ನು ಮದುವೆಯಾಗಬೇಕು. ಅದಕ್ಕೇ ಪಟ್ಟವೇರುವ ದಿನ ಬಿಳಿಯ ಹೆಣ್ಣು ಕುದುರೆಯ ಬಲಿ. “ನಮ್ಮ ಅಶ್ವಮೇಧದಲ್ಲಿ ಗಂಡು ಕುದುರೆಗೆ ರಾಣಿ ಜೋಡಿ. ಅಲ್ಲಿ ಹೆಣ್ಣು ಕುದುರೆಗೆ ರಾಜ. ಎರಡೂ ಕಡೆ ಸಾಯೋದು ಮಾತ್ರ ಕುದುರೆನೇ ರೀ,” ಎಂದು ನೀನು ನಕ್ಕಿದ್ದೆ. ಎಷ್ಟೋ ವರ್ಷದ ಮೇಲೆ ಆ ನಗು ಕೇಳಿ ನನಗೆ ಖುಷಿಯಾಗಿತ್ತು.

ಆ ತರಗತಿಗೆ ನೀನು ಬರೆದ ಪ್ರಬಂಧ ಟೈಪ್ ಮಾಡುತ್ತಾ ಹೋದಂತೆ ಮಾಖಾ ಎಂಬ ಕುದುರೆ ದೇವಿಯ ಕತೆ ಬಂತು. ಹೆಂಡತಿ ಸತ್ತ ರೈತನೊಬ್ಬನ ಮನೆಗೆ ಅವಳು ತಾನಾಗಿ ಬಂದು ಸಂಸಾರ ಹೂಡುತ್ತಾಳೆ. ತುಂಬು ಬಸುರಿ. ಗಂಡ ರಾಜನ ಸಭೆಗೆ ಹೊರಟಾಗ ಒಂದೇ ಮಾತು ಹೇಳುತ್ತಾಳೆ—ಅಲ್ಲಿ ನನ್ನ ವಿಷಯ ಎತ್ತಬೇಡ. ಅವನು ಎತ್ತುತ್ತಾನೆ. ರಾಜನ ಕುದುರೆಗಳಿಗಿಂತ ನನ್ನ ಹೆಂಡತಿಯೇ ಜೋರಾಗಿ ಓಡುತ್ತಾಳೆ ಎಂದು ಕೊಚ್ಚಿಕೊಳ್ಳುತ್ತಾನೆ. ಅವಳನ್ನು ಕರೆತಂದು ಓಡಿಸುತ್ತಾರೆ. ಗೆಲ್ಲುತ್ತಾಳೆ, ಅಲ್ಲೇ ಬಿದ್ದು ಹೆರುತ್ತಾಳೆ, ಆ ನಾಡಿನ ಗಂಡಸರಿಗೆಲ್ಲ ಹೆರಿಗೆ ನೋವಿನ ಶಾಪ ಕೊಡುತ್ತಾಳೆ.

ಗಂಡ ಕೊಚ್ಚಿಕೊಂಡ ಆ ನಾಲ್ಕು ಸಾಲುಗಳಿಗೆ ಬಂದಾಗ ಅವನ್ನು ಹಾರಿಸಿಬಿಟ್ಟೆ. ರಾಜನಿಗೆ ಸುದ್ದಿ ತಿಳಿಯಿತು ಎಂದಷ್ಟೇ ಹೊಡೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಕೇಳಿದ್ದರು—ಯಾರು ತಿಳಿಸಿದರು? ಕತೆಯ ಮುಖ್ಯ ಭಾಗವನ್ನೇ ಬಿಟ್ಟಿದ್ದೀರಲ್ಲ? “ಬರೆದಿದ್ದೆ ಅಂತಾನೇ ನೆನಪು ರೀ. ನನ್ನ ತಲೆನೇ ಸರಿ ಇಲ್ಲ,” ಎಂದೆ ನೀನು. ಮುಂದಿನ ತರಗತಿಗೆ ಸೇರಲಿಲ್ಲ.

ಈಗ ದೊಡ್ಡ ಸುಳ್ಳು. ತೊಂಬತ್ತೊಂಬತ್ತರ ಯುಗಾದಿ, ನೀನು ಏಳು ತಿಂಗಳ ಬಸುರಿ. ನಾನು ಕನ್ನಡ ಸಂಘದ ಮೀಟಿಂಗಿಗೆ ಹೊರಟಾಗ “ಈ ಸಲ ನನ್ನ ಹೆಸರು ಹೇಳ್ಬೇಡಿ, ಆಗಲ್ಲ” ಎಂದಿದ್ದೆ ನೀನು. ನಮ್ಮ ಸಂಘದ ಪದ್ಧತಿ ಗೊತ್ತಲ್ಲ—ಗಂಡಸರು ಕೂತು ಹಬ್ಬದೂಟದ ಅಡುಗೆಯನ್ನು ಹೆಂಡತಿಯರಿಗೆ ಹಂಚುತ್ತೇವೆ. ಒಬ್ಬ ತನ್ನವಳು ಇನ್ನೂರು ಜನಕ್ಕೆ ಪುಳಿಯೋಗರೆ ಕಲಸುತ್ತಾಳೆ ಎಂದ. ಹೋಳಿಗೆ ಅಂಗಡಿಯಿಂದ ತರಿಸೋಣ ಎಂದ ಇನ್ನೊಬ್ಬ. ನನಗೆ ತಡೆಯಲಾಗಲಿಲ್ಲ. “ಅಂಗಡೀದು ಯಾಕ್ರೀ? ನಮ್ಮನೆಯವಳು ಒಬ್ಳೇ ಮುನ್ನೂರು ತಟ್ತಾಳೆ. ಬಸುರಿಯಾದ್ರೇನು, ಕುದುರೆ ಥರ ಇದಾಳೆ!” ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡಸರ ನಡುವೆ ಪಟ್ಟಿ ಬರೆಯುತ್ತಿದ್ದ ಲಲಿತಾ ಆಂಟಿ ಮಾತ್ರ ಪೆನ್ನು ನಿಲ್ಲಿಸಿ, “ಅವಳನ್ನ ಕೇಳಿದೀಯೇನಪ್ಪಾ?” ಎಂದರು. “ಕೇಳಿದೀನಿ ಆಂಟಿ,” ಎಂದೆ.

ಮನೆಗೆ ಬಂದು ನಿನಗೆ ಹೇಳಿದ್ದೇ ಬೇರೆ—ಆಂಟಿಯೇ ನಿನ್ನ ಹೆಸರು ಬರೆದುಬಿಟ್ಟರು, ಬೇಡ ಅಂದರೂ ಕೇಳಲಿಲ್ಲ. ಈ ಊರಿನಲ್ಲಿ ನಿನಗೆ ತಾಯಿಯಂತಿದ್ದವರು ಅವರು. ಅವರ ಮಾತು ಉಳಿಸಲು ನೀನು ಎರಡು ದಿನ ಒಲೆಯ ಮುಂದೆ ನಿಂತೆ. ಹಬ್ಬದ ಮಾರನೆಯ ದಿನ ಮಗು ಹೋಯಿತು. ಕಾರಣ ಇಂಥದ್ದೇ ಎನ್ನಲಾಗದು ಎಂದರು ಡಾಕ್ಟರು. ಆ ಮಾತಿನ ಹಿಂದೆ ಅಡಗಿಕೊಂಡೇ ಇಷ್ಟು ವರ್ಷ...

ಮೂರನೆಯ ದಿನ ಆಂಟಿ ಮೆಣಸಿನ ಸಾರಿನ ಡಬ್ಬಿ ಹಿಡಿದು ಬಂದಾಗ ನೀನು ಬಾಗಿಲಲ್ಲೇ ನಿಲ್ಲಿಸಿದೆ. “ನೀವು ನನ್ನ ಹೆಸರು ಬರೀಬಾರದಿತ್ತು ಆಂಟಿ.” ಅವರು ನಿನ್ನ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. “ತಪ್ಪಾಯ್ತಮ್ಮ,” ಎಂದು ಡಬ್ಬಿ ಕೆಳಗಿಟ್ಟು ಹೋದರು. ಅಲ್ಲಿಂದಾಚೆ ನೀನು ಅವರ ಮುಖ ನೋಡಲಿಲ್ಲ, ಸಂಘದ ಕಡೆ ತಲೆ ಹಾಕಲಿಲ್ಲ. ನನ್ನ ಸುಳ್ಳು ಹಾಗಾಗಿ ಉಳಿಯಿತು—ಒಂಬತ್ತು ವರ್ಷ.

ನಿನ್ನೆ ಆಂಟಿಯ ಮನೆಗೆ ಹೋಗಿದ್ದೆ. ಅವತ್ತೇ ಯಾಕೆ ನಿಜ ಹೇಳಲಿಲ್ಲ ಎಂದು ಕೇಳಿದೆ. “ಮಗು ಹೋಗಿ ಮೂರೇ ದಿನ ಆಗಿತ್ತಪ್ಪ. ಗಂಡನೂ ತನ್ನೋನಲ್ಲ ಅಂತ ಅವಳಿಗೆ ಅನ್ನಿಸ್ಬಾರದಿತ್ತು. ನೀನೇ ಒಂದಿನ ಹೇಳ್ತೀಯ ಅನ್ಕೊಂಡೆ,” ಎಂದರು.

ಕ್ಷಮಿಸು ಎಂದು ಕೇಳಲಾರೆ ವಸುಧಾ—ಅದನ್ನು ಕೇಳುವ ಮುಖ ನನಗಿಲ್ಲ. ಆಂಟಿ ಇವತ್ತು ಮನೆಯಲ್ಲೇ ಇರುತ್ತಾರೆ. ನೀನೊಬ್ಬಳೇ ಹೋಗು. ನಾನು ಜೊತೆಗಿದ್ದರೆ ಅವರು ಮತ್ತೆ ತಪ್ಪು ತಮ್ಮದೇ ಎಂದುಬಿಡುತ್ತಾರೆ.