ಅಕ್ಕನ ಕೋಣೆಗೆ ಇಟ್ಟ ಕೆಂಡ

ಬಂಡಳ್ಳಿಯ ನಮ್ಮ ಮನೆಯಲ್ಲಿ ಚಳಿ ಬಂತೆಂದರೆ ಮನುಷ್ಯರಿಗಿಂತ ಮೊದಲು ರೇಷ್ಮೆ ಹುಳುಗಳ ಚಿಂತೆ. ಮೊಟ್ಟೆಯೊಡೆದು ಹೊಸದಾಗಿ ಬಂದ ಹುಳುವಿಗೆ ಕೋಣೆ ಬೆಚ್ಚಗಿರಬೇಕು. ತಣ್ಣಗಾದರೆ ಸೊಪ್ಪು ಮುಟ್ಟುವುದಿಲ್ಲ, ಬೆಳೆ ಹಿಂದೆ ಬೀಳುತ್ತದೆ. ಬೇಸಿಗೆಯಲ್ಲಿ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟಿದರೆ ಸಾಕು, ಹುಳುವಿಗೂ ನಮಗೂ ಖರ್ಚಿಲ್ಲದ ತಂಪು. ಚಳಿಗಾಲದಲ್ಲಿ ಮಾತ್ರ ಇದ್ದಿಲು ಕೊಳ್ಳಬೇಕಿತ್ತು, ಅದು ಅಪ್ಪನಿಗೆ ಹೊರೆಯಾಗುತ್ತಿತ್ತು.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ನನಗಾಗ ಹತ್ತೊಂಬತ್ತು. ಓದು ಬಿಟ್ಟು ಮನೆಯಲ್ಲಿದ್ದೆ. ಹುಳು ಸಾಕುವ ಕೆಲಸ ಪೂರ್ತಿ ನನ್ನದೇ ಆಗಿತ್ತು. ಬಾಣಂತಿಗೆ ಒಂದು ಕೋಣೆಯಲ್ಲಿ ಕೆಂಡ, ಹುಳುವಿಗೆ ಇನ್ನೊಂದು ಕೋಣೆಯಲ್ಲಿ ಕೆಂಡ. ಮೂಟೆ ಇದ್ದಿಲು ನೋಡನೋಡುತ್ತಿದ್ದಂತೆ ಇಳಿದುಹೋಗುತ್ತಿತ್ತು. ಬಾಣಂತಿಯನ್ನೂ ಹುಳುವನ್ನೂ ಒಂದೇ ಕೋಣೆಯಲ್ಲಿ ಇಡೋಣ ಎಂದವಳು ನಾನು.

"ಬಾಣಂತಿ ಜೊತೆ ಹುಳ ಮಡಗಬೌದಾ?" ಎಂದು ಅವ್ವ ಅನುಮಾನಿಸಿದಳು.

"ಪುರುಡಿನ ಮೈಲ್ಗೆ ಕಳ್ದದಲ್ಲವ್ವ. ಒಂದೇ ಬೆಂಕಿಲಿ ಎಲ್ರೂ ಬೆಚ್ಗಿರ್ತಾರೆ," ಎಂದೆ.

ಅಕ್ಕನನ್ನೂ ಹುಳುವನ್ನೂ ಇಟ್ಟ ನಡುಕೋಣೆಗೆ ಬಿದಿರು ಹಾಸಿ ಮಣ್ಣು ಮೆತ್ತಿದ ಅಟ್ಟವಿತ್ತು, ಒಂದು ಸಣ್ಣ ಕಿಟಕಿ, ಗೋಡೆಯ ಮೇಲುಗಡೆ ಎರಡು ಗವಾಕ್ಷಿ. ಅಲ್ಲಿಂದ ಬಿಸಿ ಹೊರಗೆ ಹೋಗುತ್ತದೆಂದು ಮೈದಾಹಿಟ್ಟಿನ ಅಂಟಿನಲ್ಲಿ ಹಳೆಯ ಪೇಪರು ಹಚ್ಚಿ ಮುಚ್ಚಿದೆ. ಕಿಟಕಿಯ ಸಂದಿಗೂ ಹಚ್ಚಿದೆ. ದಿನಕ್ಕೆ ಒಂದು ಮಂಕರಿ ಇದ್ದಿಲು ಬೇಕಾಗಿದ್ದ ಕಡೆ ಅರ್ಧ ಸಾಕಾಯಿತು. "ನಿನ್ ತಲೆ ಓಡ್ತದೆ ಕಣ," ಎಂದು ಅವ್ವ ಹೇಳಿದಾಗ ನಾನು ಹಿಗ್ಗಿದೆ.

ಮೂರನೆಯ ದಿನಕ್ಕೆ ಅಕ್ಕ ತಲೆನೋವೆಂದಳು. ಶೀತಗಾಳಿ ತಲೆಗೇರಿದೆ ಎಂದು ಅವ್ವ ಅವಳ ಕಿವಿಗೆ ಇನ್ನೊಂದು ಬಟ್ಟೆ ಸುತ್ತಿದಳು. ನಾನು ಬಾಗಿಲಿನ ಬುಡಕ್ಕೆ ಗೋಣಿ ತುರುಕಿದೆ. ಆ ಕೋಣೆಯಲ್ಲಿ ಹುಳುವಿಗೆ ಸೊಪ್ಪು ಹಾಕುವಾಗ ನನಗೂ ತಲೆ ಭಾರವಾಗುತ್ತಿತ್ತು. ಅಂಗಳಕ್ಕೆ ಬಂದರೆ ಹೋಗುತ್ತಿತ್ತು. ಯಾಕೆ ಎಂದು ಯೋಚಿಸಲಿಲ್ಲ.

ಮರುದಿನ ಬೆಳಗಿನಿಂದಲೇ ಬೆಟ್ಟದ ಕಡೆಯಿಂದ ಮೋಡ ಕವಿದು ಜಡಿ ಹಿಡಿಯಿತು. ಅವ್ವ ಅಕ್ಕನಿಗೂ ಕೂಸಿಗೂ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿ, ಅಂದಿನ ಬಟ್ಟೆ ಅಂದೇ ಒಗೆಯಬೇಕೆಂದು ಮಳೆಯಲ್ಲೇ ಗಂಟು ಹೊತ್ತು ಬಾವಿಗೆ ಹೋದಳು. ಅಪ್ಪ ಹೊಲದಲ್ಲಿದ್ದ. ಸಂಜೆಯವರೆಗೂ ಮತ್ತೆ ಕೆಂಡ ಹಾಕುವಂತಿರಬಾರದೆಂದು ನಾನು ಅಗ್ಗಿಷ್ಟಿಕೆಯ ತುಂಬ ಇದ್ದಿಲು ಸುರಿದು, ಬಾಗಿಲೆಳೆದುಕೊಂಡು ಸೊಪ್ಪು ಬಿಡಿಸಲು ತೋಟಕ್ಕೆ ಹೋದೆ.

ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. "ಅಕ್ಕಾ, ಉಂಡ್ಯಾ?" ಎಂದು ಹೊರಗಿನಿಂದಲೇ ಕೂಗಿದೆ. ಉತ್ತರ ಬರಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡು ಒಳಗೆ ಹೋದೆ. ಕೋಣೆ ಹಿತವಾಗಿ ಬೆಚ್ಚಗಿತ್ತು. ಹುಳುಗಳು ತಟ್ಟೆಯ ತುಂಬ ಚುರುಕಾಗಿ ಹರಿದಾಡುತ್ತಿದ್ದವು. ಅದನ್ನು ಕಂಡು ನನಗೆ ಖುಷಿಯಾಯಿತು. ಈಗಲೂ ಹೇಳಲು ನಾಚಿಕೆಯಾಗುತ್ತದೆ, ನಾನು ಎರಡು ತಟ್ಟೆಗೆ ಸೊಪ್ಪು ಹಾಕಿ ಮುಗಿಸಿದ ಮೇಲೆಯೇ ಅಕ್ಕನ ಕಡೆ ತಿರುಗಿದ್ದು.

ಕೂಸು ಇಷ್ಟು ಹೊತ್ತು ಹಾಲಿಗೆ ಅಳದೆ ಇರುವುದಿಲ್ಲ ಎಂದು ಆಗ ಹೊಳೆಯಿತು. ಅಕ್ಕನ ಕೆನ್ನೆ ಕೆಂಪಗೆ, ಎಂದಿಗಿಂತ ಚೆನ್ನಾಗಿತ್ತು. ಭುಜ ಹಿಡಿದು ಅಲುಗಿಸಿದೆ. ತಲೆ ಒಂದು ಕಡೆಗೆ ವಾಲಿತು. ಮತ್ತೆ ಅಲುಗಿಸಿದೆ. ಇನ್ನೊಂದು ಕಡೆಗೆ ವಾಲಿತು. ನನಗೂ ತಲೆ ತಿರುಗುತ್ತಿತ್ತು. ಕೂಸನ್ನು ಬಾಚಿಕೊಂಡು ಅಂಗಳಕ್ಕೆ ಓಡಿ ಜಗಲಿಯ ಮೇಲೆ ಮಲಗಿಸಿದೆ. ಕೈ ಎತ್ತಿದರೆ ಬಟ್ಟೆಯ ಬೊಂಬೆಯ ಹಾಗೆ ಕೆಳಗೆ ಬೀಳುತ್ತಿತ್ತು. ಅದನ್ನು ಅಲ್ಲಿ ಒಂಟಿಯಾಗಿ ಬಿಟ್ಟು ಮತ್ತೆ ಒಳಗೆ ಹೋಗಲು ಕಾಲು ಬರಲಿಲ್ಲ. ಆದರೂ ಹೋದೆ. ಅಕ್ಕನನ್ನು ಎತ್ತಲಾಗದೆ ಚಾಪೆಯ ಸಮೇತ ಎಳೆದೆ. ಹೊಸಿಲಲ್ಲಿ ನಾನೇ ಬಿದ್ದೆ. ಕೂತಲ್ಲಿಂದಲೇ ಹಿಂದಕ್ಕೆ ಜರುಗುತ್ತ, ಎಳೆಯುತ್ತ, ಅವಳನ್ನು ಜಡಿಮಳೆಗೆ ತಂದು ಹಾಕಿದೆ.

ಜಗಲಿಯ ಮೇಲೆ ಕೂಸು ಸೀನಿತು. ಆಮೇಲೆ ಬೆಕ್ಕಿನ ಮರಿಯಂತೆ ಕೀಚಲಾಗಿ ಅಳತೊಡಗಿತು. ಅಕ್ಕ ಉಸಿರಾಡುತ್ತಿದ್ದಳು, ಕಣ್ಣು ಮಾತ್ರ ತೆರೆಯಲಿಲ್ಲ.

ಅವ್ವ ಬಂದವಳು ಬಟ್ಟೆಗಂಟು ಎಸೆದು ಓಡಿಬಂದಳು. ಅಕ್ಕಪಕ್ಕದ ಮನೆಯ ಹೆಂಗಸರೂ ಸೇರಿದರು. "ಗಾಳಿ ಸೋಕ್ಬುಟ್ಟದೆ ಕಣವ್ವ, ಹಸಿ ಬಾಣಂತಿನ ಮಳೇಲಿ ಮಲಗ್ಸಿದ್ದೀರಲ್ಲ, ಒಳಕ್ ಎತ್ಕಳಿ," ಎಂದು ಪಕ್ಕದ ಮನೆಯ ದೊಡ್ಡವ್ವ ಹೇಳಿದಳು. ನಾಲ್ವರು ಅಕ್ಕನನ್ನು ಹಿಡಿದು ಎತ್ತಿದರು. ಬಾಗಿಲಿನ ಕಡೆ ತಿರುಗಿದರು.

ಆ ಕ್ಷಣದ ಹೆದರಿಕೆ ನನಗೆ ಇನ್ನೂ ಹೋಗಿಲ್ಲ. ಅವಳನ್ನು ಒಳಗೆ ಬಿಟ್ಟರೆ ಸಾಯುತ್ತಾಳೆ ಎಂದು ಮನಸ್ಸಿಗೆ ಗೊತ್ತಾಗಿತ್ತು. ಯಾಕೆಂದು ಹೇಳಿದರೆ ಅವಳಿಗೆ ಹೀಗೆ ಮಾಡಿದವಳು ನಾನೇ ಎಂದಾಗುತ್ತದೆ. ಬಾಗಿಲಿಗೆ ಅಡ್ಡ ನಿಂತೆ.

"ಒಳಕ್ ಬ್ಯಾಡ."

"ಯಾಕಮ್ಮಿ, ತಲೆ ಕೆಟ್ಟದಾ?" ಎಂದು ಅವ್ವ ನನ್ನನ್ನು ತಳ್ಳಿದಳು.

"ಗವಾಕ್ಷಿ ಎಲ್ಲ ಮುಚ್ಚಿವ್ನಿ ಅವ್ವ. ಒಳಗಿದ್ರೆ ನಂಗೂ ತಲೆ ತಿರುಗ್ತದೆ. ಗಾಳಿ ಸೋಕಿದ್ದಲ್ಲ, ಒಳಗೆ ಗಾಳಿನೇ ಇಲ್ಲ."

ಅವ್ವ ನನ್ನ ಮುಖ ನೋಡಿದಳು. ಎತ್ತಿದವರನ್ನು ಜಗಲಿಯ ಕಡೆ ತಿರುಗಿಸಿದಳು. ಅಕ್ಕನನ್ನು ಜಗಲಿಯ ಮೇಲೆ ಇಳಿಸಿದರು. ಅಷ್ಟರಲ್ಲಿ ಯಾರೋ ಹೋಗಿ ಅಪ್ಪನನ್ನೂ, ರೇಷ್ಮೆಗೂಡು ಸಾಗಿಸುವ ಒಂದು ಟೆಂಪೋವನ್ನೂ ಕರೆತಂದರು. ಕೊಳ್ಳೇಗಾಲದವರೆಗೂ ಅವ್ವ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಕೂಸಿನ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ಇದ್ದೆ. ರಸ್ತೆಯ ಕುಲುಕಾಟದಲ್ಲಿ ಉಸಿರು ಬೆರಳಿಗೆ ತಾಕದಿದ್ದಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, "ಕೋಣೆಯಲ್ಲಿ ಇದ್ದಿಲು ಹಾಕಿದ್ರಾ?" ಎಂದು. ಹೌದೆಂದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿ ತುಂಬುತ್ತದೆ, ಇನ್ನೂ ಸ್ವಲ್ಪ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದರು. ಅಕ್ಕನ ಮೂಗಿಗೆ ಆಕ್ಸಿಜನ್ ಇಟ್ಟರು. ಸಂಜೆಗೆ ಕಣ್ಣು ಬಿಟ್ಟಳು. "ಕೂಸಿನ ಮೇಲೆ ಒಂದಷ್ಟು ತಿಂಗಳು ಕಣ್ಣಿಟ್ಟಿರಿ," ಎಂದು ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಊರಿಗೆ ಬಂದ ಕೂಡಲೇ ಪೇಪರನ್ನೆಲ್ಲ ಕಿತ್ತೆ. ಅಗ್ಗಿಷ್ಟಿಕೆಯನ್ನು ಅಪ್ಪ ಹಿತ್ತಲಿಗೆ ಎಸೆದ. ಬಚ್ಚಲ ಒಲೆಯಲ್ಲಿ ಹೇಗೂ ದಿನವೂ ಎರಡು ಹೊತ್ತು ನೀರು ಕಾಯುತ್ತಿತ್ತು. ಕುದಿಯುವ ನೀರನ್ನು ದೊಡ್ಡ ಗಡಿಗೆಗಳಿಗೆ ತುಂಬಿ, ಬಾಯಿ ಮುಚ್ಚಿ, ಹಳೆಯ ಕಂಬಳಿ ಸುತ್ತಿ ಕೋಣೆಯ ಮೂಲೆಗಳಲ್ಲಿ ಇಟ್ಟೆವು. ನೆಲಕ್ಕೆ ದಪ್ಪಗೆ ಹುಲ್ಲು ಹಾಸಿ ಮೇಲೆ ಚಾಪೆ ಹಾಕಿದೆವು. ಗಾಳಿ ಬೀಸುವ ಕಡೆಯ ಗೋಡೆಗೆ ಹೊರಗಿನಿಂದ ರಾಗಿಹುಲ್ಲಿನ ತಡಿಕೆ ಕಟ್ಟಿದೆವು. ಗವಾಕ್ಷಿ ತೆರೆದೇ ಇತ್ತು, ಆದರೂ ಕೋಣೆ ಸಾಕಷ್ಟು ಬೆಚ್ಚಗಿತ್ತು. ಹುಳುಗಳು ಮೂರ್ನಾಲ್ಕು ದಿನ ತಡವಾಗಿ ಗೂಡು ಕಟ್ಟಿದವು. ಅಷ್ಟೆ. ಆಮೇಲೆ ನಮ್ಮ ಮನೆಗೆ ಇದ್ದಿಲು ಬರಲೇ ಇಲ್ಲ.

ಬಾವನಿಗೆ ಹೇಳಬಾರದೆಂದು ಅವ್ವ ಎಲ್ಲರಿಗೂ ತಾಕೀತು ಮಾಡಿದ್ದಳು. ಅವರು ಕೂಸನ್ನು ನೋಡಲು ಬಂದಾಗಲೆಲ್ಲ ನಾನು ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ. ಯಾರೂ ಇಲ್ಲದಾಗ ಕೂಸಿನ ಕಿವಿಯ ಹತ್ತಿರ ಚಿಟಿಕೆ ಹೊಡೆಯುತ್ತಿದ್ದೆ, ಕಣ್ಣ ಮುಂದೆ ಬಳೆ ಆಡಿಸುತ್ತಿದ್ದೆ. ಅದು ಕತ್ತು ನಿಲ್ಲಿಸಿದ್ದು ತಡ ಅನಿಸಿತು, ನಡೆದದ್ದು ತಡ ಅನಿಸಿತು. ಅದು ಮಾತು ಕಲಿತು, ಶಾಲೆಗೆ ಸೇರಿ, ಸ್ಲೇಟಿನ ಮೇಲೆ ನನಗೆ ತನ್ನ ಹೆಸರು ಬರೆದು ತೋರಿಸುವವರೆಗೂ ಆ ಭಯ ಹೋಗಲಿಲ್ಲ.

ಅಷ್ಟು ವರ್ಷಗಳಲ್ಲಿ ಅಕ್ಕ ನನ್ನನ್ನು ಒಮ್ಮೆಯೂ ಬೈದಿರಲಿಲ್ಲ. ಎರಡನೆಯ ಬಾಣಂತನಕ್ಕೆ ಬಂದಾಗ ನಡುಕೋಣೆ ಬೇಡವೆಂದು ಪಡಸಾಲೆಯಲ್ಲಿ ಮಲಗಿದಳು. ಒಂದು ಮಧ್ಯಾಹ್ನ, ಹೊಸ ಕೂಸನ್ನು ಮಡಿಲಲ್ಲಿಟ್ಟುಕೊಂಡು, ತಾನಾಗಿಯೇ ಹೇಳಿದಳು.

"ಅವತ್ತು ನಂಗೆ ಎಚ್ರ ಇತ್ತು ಕಣ. ಕೂಸು ಅಳೋದು ಕೇಳ್ತಿತ್ತು. ಎದ್ದು ತಕಳನ ಅಂದ್ರೆ ಕೈಯೇ ಎತ್ತಕಾಗ್ನಿಲ್ಲ. ಆಮೇಲೆ ಅದು ಅಳೋದು ನಿಲ್ಲಿಸ್ಬುಡ್ತು. ಅದೂ ಕೇಳುಸ್ತು."

ಇಷ್ಟು ಹೇಳಿ ಅವಳು ಕೂಸಿಗೆ ಹಾಲೂಡಿಸತೊಡಗಿದಳು. ನಾನು ಗಡಿಗೆಯ ನೀರು ಬದಲಾಯಿಸಲು ಎದ್ದೆ. ಗಡಿಗೆ ಎತ್ತುವ ಮೊದಲು ಪಡಸಾಲೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟೆ.