ಉಮ್ಮ ತರಿಸಿದ ಬೂತಾಯಿ

ನಮ್ಮ ಮನೆಯಲ್ಲಿ ತಲೆನೋವಿಗೆ ಮೊದಲು ಕಾಫಿ, ಆಮೇಲೆ ಬೈಗುಳ, ಅದಕ್ಕೂ ಬಗ್ಗದಿದ್ದರೆ ಮಾತ್ರ ಔಷಧ. ಮೊನ್ನೆ ಭಾನುವಾರ ಔಷಧ ಹುಡುಕುತ್ತಾ ಕಪಾಟಿನ ಮೇಲಿನ ಅರೆಗೆ ಕೈಹಾಕಿದಾಗ ಸಿಕ್ಕಿದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಬಾಟಲಿ. ಗಲ್ಫಿನಿಂದ ಬರುವವರು ತರುತ್ತಿದ್ದರಲ್ಲ, ಆ ಹಸಿರು ಬಣ್ಣದ ತಲೆನೋವಿನ ಎಣ್ಣೆ. ಮುಚ್ಚಳ ತಿರುಪಿದೆ. ಎಣ್ಣೆ ತಳ ಸೇರಿದ್ದರೂ ಘಾಟು ಮಾತ್ರ ಹಾಗೆಯೇ ಇತ್ತು. ಕಣ್ಣಲ್ಲಿ ನೀರು ಬಂತು. ಘಾಟಿಗೇ ಬಂತು ಎಂದು ಇಟ್ಟುಕೊಳ್ಳಿ.

ತಲೆನೋವಿನ ಕಾರಣವನ್ನೂ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಎಂತ ಮುಚ್ಚುಮರೆ. ಶಾಲೆಯಲ್ಲಿ ಜೊತೆಗೆ ಮಾಷ್ಟ್ರಾಗಿದ್ದ ಗೆಳೆಯರೊಬ್ಬರು ಚಿಟ್ಟಿಫಂಡಿನಿಂದ ಎತ್ತಿದ ಹಣಕ್ಕೆ ನನ್ನ ಸ್ಯಾಲರಿ ಸರ್ಟಿಫಿಕೇಟು ಕೊಟ್ಟು ಜಾಮೀನು ನಿಂತಿದ್ದೆ. ನಮ್ಮ ಕಡೆ ಮಾಷ್ಟ್ರುಗಳು ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ಮದುವೆಗೆ ಹೋಗಿ ಬಂದಷ್ಟೇ ಸಹಜ. ಗೆಳೆಯರು ಕಂತು ಕಟ್ಟುವುದನ್ನು ನಿಲ್ಲಿಸಿದರು. ನನ್ನ ಸಂಬಳದಿಂದ ಹಿಡಿಯಲು ಶುರುವಾಯಿತು. ಹೆಂಡತಿ ಸಾವಿತ್ರಿಗೆ ಹೇಳಿರಲಿಲ್ಲ. ಹೇಳದೆ ಇರುವುದೂ ಒಂದು ಉದ್ಯೋಗವೇ ಎಂದು ನನಗೆ ಆಗ ಗೊತ್ತಾಯಿತು. ಫೋನು ಬಂದರೆ ಅಂಗಳಕ್ಕೆ ಹೋಗಬೇಕು. ಊಟಕ್ಕೆ ಕೂತರೆ ಹಳೆಯ ಜೋಕುಗಳನ್ನು ಹೇಳಬೇಕು. ಅವಳು ಹೊಸ ಫ್ರಿಜ್ಜಿನ ಮಾತೆತ್ತಿದರೆ, ಈಗಿನ ಫ್ರಿಜ್ಜುಗಳು ಬಾಳಿಕೆ ಬರುವುದಿಲ್ಲವೆಂದು ಭಾಷಣ ಮಾಡಬೇಕು.

ಬಾಟಲಿ ಕೊಟ್ಟವರು ಮೂಸಚ್ಚ, ಎಷ್ಟೋ ವರ್ಷಗಳ ಹಿಂದೆ. ನನಗೆ ಆಗಷ್ಟೇ ಕೆಲಸ ಸಿಕ್ಕಿ, ಅಮ್ಮನನ್ನು ಕರೆದುಕೊಂಡು ಕಾಸರಗೋಡಿನ ಹತ್ತಿರದ ಬೋವಿಕಾನದಲ್ಲಿ ಬಾಡಿಗೆಗೆ ಇದ್ದೆ. ಪಕ್ಕದ ಮನೆ ಅವರದು. ದುಬೈಯಲ್ಲಿ ಕಂಪೆನಿಯೊಂದರ ವ್ಯಾನು ಓಡಿಸುತ್ತಿದ್ದರು. ಅವರು ಊರಿಗೆ ಬಂದರೆ ಮರುದಿನ ಪೆಟ್ಟಿ ಬಿಚ್ಚುವ ಕಾರ್ಯಕ್ರಮ. ಹಗ್ಗ ಬಿಗಿದ ದೊಡ್ಡ ರಟ್ಟಿನ ಪೆಟ್ಟಿ ಚಾವಡಿಯ ನಡುವೆ. ಸುತ್ತ ನೆಂಟರು, ನೆರೆಯವರು. ಯಾರೂ ಬರಿಗೈಯಲ್ಲಿ ಹೋಗಕೂಡದು. ನಾವು ಬೇರೆ ಜಾತಿಯವರು, ಮೀನು ಮುಟ್ಟದವರು. ಆದರೆ ಪೆಟ್ಟಿಯ ವಿಷಯದಲ್ಲಿ ನೆಂಟರೇ.

ಬಾಟಲಿ ಸಿಕ್ಕಿದ ಆ ಸಲ ಚಾಪೆಯ ಮೇಲೆ ಮೂಸಚ್ಚನ ಉಮ್ಮ, ಅಂದರೆ ತಾಯಿ, ಬೀಪಾತುಮ್ಮ ಕಾಲುಚಾಚಿ ಕೂತಿದ್ದರು. ಪಕ್ಕದಲ್ಲಿ ಅವರ ಮಗಳು, ಮೂಸಚ್ಚನ ತಂಗಿ ಆಯಿಶಾ, ಗೋಡೆಗೆ ಒರಗಿ ನಾನು ಮತ್ತು ಅಮ್ಮ, ಬಾಗಿಲಲ್ಲಿ ಒಂದಷ್ಟು ನೆಂಟರು. ಮೂಸಚ್ಚ ಎಂದಿಗಿಂತ ಜಾಸ್ತಿ ನಗುತ್ತಿದ್ದರು. ಒಂದೊಂದು ಸಾಮಾನು ತೆಗೆಯುವಾಗಲೂ ದುಬೈಯ ಒಂದೊಂದು ಕತೆ. ನನಗೆ ಈ ಎಣ್ಣೆ ಬಂತು. ಬಾಟಲಿಯ ಮೇಲ್ಭಾಗ ಸ್ವಲ್ಪ ಖಾಲಿಯಾಗಿತ್ತು. ಗಲ್ಫಿನ ಸೆಖೆಗೆ ಆರಿರಬೇಕೆಂದು ವಿಜ್ಞಾನದ ಮಾಷ್ಟ್ರಾದ ನಾನು ತೀರ್ಮಾನಿಸಿದೆ.

ಆಯಿಶಾಳಿಗೆ ಹಾಲುಪುಡಿಯ ಡಬ್ಬಿ ಬಂತು. ಅವಳು ಅದನ್ನು ಮಗುಚಿದಾಗ ಅಡಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಚೀಟಿಯೊಂದು ನನ್ನ ಕಣ್ಣಿಗೆ ಬಿತ್ತು. ಅದರಲ್ಲಿ ಬೆಲೆ ಇತ್ತು, ನಮ್ಮ ರೂಪಾಯಿಯಲ್ಲಿ. ಕಾಸರಗೋಡು ಪೇಟೆಯಲ್ಲಿ ಫಾರಿನ್ ಸಾಮಾನು ಮಾರುವ ಅಂಗಡಿಗಳಿವೆಯಲ್ಲ, ಅಲ್ಲಿ ಅಂಟಿಸುವ ಚೀಟಿ.

ಬೀಪಾತುಮ್ಮನೂ ನೋಡಿದರು. ಮಗಳ ಕೈಯಿಂದ ಡಬ್ಬಿ ತೆಗೆದುಕೊಂಡು, "ಇದು ನನಗಿರಲಿ, ನಿನಗೆ ಸಾಬೂನು ಉಂಟಲ್ಲ" ಎಂದರು. ಡಬ್ಬಿ ಅವರ ಮಡಿಲಿಗೆ ಹೋಯಿತು. ಮಾತಾಡುತ್ತಲೇ, ಸೆರಗಿನ ಮರೆಯಲ್ಲಿ, ಅವರ ಹೆಬ್ಬೆರಳು ಅಡಿಯನ್ನು ಉಜ್ಜುತ್ತಾ ಇತ್ತು. ಆಯಿಶಾ ಮುಖ ಊದಿಸಿಕೊಂಡಳು. ಪೆಟ್ಟಿ ಖಾಲಿಯಾಗುವವರೆಗೂ ಉಮ್ಮ ಎಲ್ಲರನ್ನೂ ಎಂದಿನಂತೆ ಕೆಣಕಿದರು, ಚಾ ಕುಡಿಸಿದರು, ಕಳಿಸಿದರು. ನಾವೂ ಎದ್ದೆವು. ಉಮ್ಮ ನನ್ನ ಅಮ್ಮನ ಕೈಹಿಡಿದು, ನೀವು ಮನೆಯವರ ಹಾಗೆ, ಕೂತುಕೊಳ್ಳಿ ಎಂದರು. ಮಗನ ಎದುರಿಗೆ ಒಬ್ಬರೇ ಕೂರಲು ಅವರಿಗೂ ಧೈರ್ಯ ಬಂದಿರಲಿಕ್ಕಿಲ್ಲ.

ಆಮೇಲೆ ಮಗನ ಕಡೆ ತಿರುಗಿದರು.

"ಮೋನೇ, ಪೇಟೆಯಲ್ಲಿ ಕ್ರಯ ಚರ್ಚೆ ಮಾಡಿಯಾದರೂ ತೆಗೊಂಡೆಯಾ, ಅಥವಾ ಅಂಗಡಿಯವ ಹೇಳಿದಷ್ಟು ಕೊಟ್ಟು ಬಂದೆಯಾ?"

ಮೂಸಚ್ಚನ ನಗು ಸ್ವಲ್ಪ ಹೊತ್ತು ಮುಖದ ಮೇಲೆಯೇ ಉಳಿಯಿತು, ಎಲ್ಲಿ ಇಳಿಯಬೇಕೆಂದು ಗೊತ್ತಿಲ್ಲದ ಹಾಗೆ. ಮತ್ತೆ ತಲೆ ತಗ್ಗಿಸಿ ಒಂದೊಂದೇ ಹೇಳಿದರು. ಕಂಪೆನಿ ಮುಚ್ಚಿತ್ತು. ಕೊನೆಯ ಸಂಬಳ ಬಂದಿರಲಿಲ್ಲ. ಹೋಗುವುದಕ್ಕೆ ಇನ್ನು ಕೆಲಸವಿಲ್ಲ. ಖಾಲಿ ಪೆಟ್ಟಿ ತರಲಾರದೆ, ಪೇಟೆಯಲ್ಲಿ ಇಳಿದು ಸಾಮಾನು ಕೊಂಡು, ಗೆಳೆಯನ ಕಾರಿನಲ್ಲಿ ಕೂತು ಚೀಟಿಗಳನ್ನೆಲ್ಲ ಉಗುರಿನಿಂದ ಕೆರೆದಿದ್ದರು. ತಲೆ ಸಿಡಿಯುತ್ತಿತ್ತಂತೆ, ಕೊಂಡ ಎಣ್ಣೆಯ ಬಾಟಲಿಯೊಂದನ್ನು ಅಲ್ಲಿಯೇ ತೆರೆದು ಹಣೆಗೆ ಹಚ್ಚಿದ್ದರಂತೆ. ನಾನು ಜೇಬಿನ ಬಾಟಲಿಯನ್ನು ಮುಟ್ಟಿ ನೋಡಿಕೊಂಡೆ. ವಿಜ್ಞಾನ ಸೋತಿತ್ತು.

"ಇದನ್ನು ಊರಲ್ಲಿ ಎಲ್ಲರಿಗೆ ನಾನು ಹೇಗೆ ಹೇಳುವುದು ಉಮ್ಮ? ಒಬ್ಬೊಬ್ಬನೂ ಯಾವಾಗ ವಾಪಸು ಅಂತ ಕೇಳ್ತಾನೆ. ದುಬೈಯ ದುಡ್ಡುಂಟೆಂದು ಒಬ್ಬೊಬ್ಬನೂ ಸಾಲ ಕೇಳ್ತಾನೆ."

ಉಮ್ಮ ಎದ್ದು ಒಳಗೆ ಹೋಗಿ ಮೀನಿನ ಚೀಲ ತಂದರು.

"ನೀನು ಯಾರಿಗೂ ಹೇಳುವುದು ಬೇಡ. ನಾಳೆ ಮಾರ್ಕೆಟ್ಟಿಗೆ ಹೋಗಿ ಒಂದು ಕಿಲೋ ಬೂತಾಯಿ ಕೇಳು, ಸಾಕು. ಉಳಿದದ್ದನ್ನು ಮೀನಿನವ ಹೇಳ್ತಾನೆ."

ಇದು ನಿಮಗೆ ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ರಜೆಯಲ್ಲಿ ಬಂದ ಗಲ್ಫಿನವರು ಮಾರ್ಕೆಟ್ಟಿನಲ್ಲಿ ಬೆಲೆ ಕೇಳುವುದಿಲ್ಲ, ಮೀನನ್ನೂ ಆರಿಸುವುದಿಲ್ಲ. ಅವರನ್ನು ದೂರದಲ್ಲಿ ಕಂಡರೆ ಸಾಕು, ಮೀನಿನವನು ಇದ್ದುದರಲ್ಲಿ ದೊಡ್ಡ, ದುಬಾರಿ ಅಂಜಲ್ ಮೀನು ಎತ್ತಿ ಹಲಗೆಯ ಮೇಲೆ ಇಡುತ್ತಾನೆ. ಬೂತಾಯಿ ರುಚಿಯ ಮೀನೇ, ಆದರೆ ಅಗ್ಗದ್ದು; ಊರಲ್ಲೇ ಇರುವವರು ದಿನನಿತ್ಯ ಒಯ್ಯುವಂಥದ್ದು.

ಮರುದಿನ ನಡೆದದ್ದನ್ನು ಮೂಸಚ್ಚನೇ ನನಗೆ ಹೇಳಿದರು. ಅಂಜಲ್ ಆಗಲೇ ಹಲಗೆಯ ಮೇಲಿತ್ತಂತೆ, ಕತ್ತಿಯೂ ಎತ್ತಿ ಆಗಿತ್ತಂತೆ. ಇವರು ಬೂತಾಯಿ ಎಂದರು. ಮೀನಿನವನು ಒಮ್ಮೆ ಮುಖ ನೋಡಿ, ಕತ್ತಿ ಕೆಳಗಿಟ್ಟು, ಒಂದು ಕಿಲೋ ತೂಗಿ, ಮೇಲಿನಿಂದ ಇನ್ನೊಂದು ಹಿಡಿ ಹಾಕಿದ. ಮನೆಗೆ ಬಂದು ಉಂಡು ಮಲಗಿದ ಮೂಸಚ್ಚ ಸಂಜೆಯವರೆಗೆ ಏಳಲಿಲ್ಲ. ಎಷ್ಟೋ ತಿಂಗಳ ನಿದ್ದೆ ಬಾಕಿಯಿತ್ತು ಮಾರಾಯರೆ ಎಂದರು.

ಅವರು ಏಳುವಷ್ಟರಲ್ಲಿ ಬೋವಿಕಾನಕ್ಕೆ ಗೊತ್ತಾಗಿತ್ತು. ವಾಪಸು ಯಾವಾಗ ಎಂದು ಯಾರೂ ಕೇಳಲಿಲ್ಲ. ಕೆಲವರು ದಾರಿ ಬದಲಿಸಿದರು ಎನ್ನಿ, ಅದೂ ಉಂಟು. ಆದರೆ ಆ ವಾರವೇ ನೆಕ್ರಾಜೆಯಿಂದ ಒಬ್ಬರು ಶಾಲಾ ಮಕ್ಕಳ ವ್ಯಾನಿಗೆ ಡ್ರೈವರು ಬೇಕೆಂದು ಹುಡುಕಿಕೊಂಡು ಬಂದರು. ಸಂಬಳ ದುಬೈಯದ್ದಲ್ಲ. ಮೂಸಚ್ಚ ಹೋದರು. ಆಯಿಶಾಳಿಗೆ ಹಾಲುಪುಡಿಯ ಡಬ್ಬಿಯೂ ಸಿಕ್ಕಿತು, ಅಡಿಭಾಗ ಫಳಫಳ ಹೊಳೆಯುತ್ತಿದ್ದ ಡಬ್ಬಿ.

ಬೀಪಾತುಮ್ಮ ಈಗಿಲ್ಲ. ಮೊನ್ನೆ ಬಾಟಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲವಲ್ಲ, ಹಾಗಾಗಿ ಮಾರ್ಕೆಟ್ಟಿನ ದಾರಿ ನನಗಿರಲಿಲ್ಲ. ಬಾಯಿಬಿಟ್ಟೇ ಹೇಳಬೇಕಾಯಿತು.

ಸಾವಿತ್ರಿ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಅಲಸಂಡೆ ಮುರಿಯುತ್ತಿದ್ದಳು. ಎದುರಿಗೆ ಕೂತು ಹೇಳಿದೆ, ಎಲ್ಲವನ್ನೂ. ಅವಳ ಕೈ ನಿಂತಿತು.

"ಅದಕ್ಕಾ ನೀವು ಪಾಪದ ಫ್ರಿಜ್ಜಿಗೆ ಅಷ್ಟು ಬೈದದ್ದು?"

ನಾನು ಹೌದೆಂದೆ. ಅವಳು ಅಲಸಂಡೆಯ ರಾಶಿಯನ್ನು ಎರಡು ಪಾಲು ಮಾಡಿ, ಒಂದನ್ನು ನನ್ನ ಕಡೆಗೆ ದೂಡಿದಳು.